ನಳಿಗೆ ಬದಲಾಯಿಸಿದ ಹಳೆ ಜೋಡು ನಳಿಗೆ ಕೋವಿ ತೊಂದ್ರೆ ಕೊಡ್ತಾ ಇದ್ರೆ ಎಲ್ಲಿಂದ ನೋಡ್ತಾ ಬರ್ಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಜೋಡು ನಳಿಗೆ ತೋಟೆ ಕೋವಿ ಇನ್ನೂ ಸುಮಾರು ಇದಾವೆ, ಲೈಸೆನ್ಸಲ್ಲಿ ಡಿ.ಬಿ.ಬಿ.ಎಲ್. ಅಂತ ಬರ್ದಿರ್ತದಲ್ಲ, ಅದೇ. ಮಂಗನ್ನ ಹಂದಿನ್ನ ಹೆದರ್ಸೋಕೆ ವರ್ಷಕ್ಕೆ ಒಂದೆರಡು ಸಲ ಗಾಳಿಗೆ ಈಡು ಹಾರಿಸ್ತಾರೆ, ಬಾಕಿ ಟೈಮೆಲ್ಲ ಕಪಾಟಲ್ಲೇ ಇರ್ತದೆ. ಇಂಥ ಕೋವಿಗಳಲ್ಲಿ ಕೆಲವಕ್ಕೆ ಯಾವುದೋ ಕಾಲದಲ್ಲಿ ನಳಿಗೆ ಬದಲಾಗಿರ್ತದೆ, ಈಗ ಇಟ್ಕೊಂಡವ್ರಿಗೆ ಅದು ಗೊತ್ತೇ ಇರಲ್ಲ. ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡ್ದು ಹೋಗಿದ್ದಕ್ಕೋ, ಹಳೆ ಡಮಾಸ್ಕಸ್ ನಳಿಗೆ (ಪಟ್ಟಿ ಸುರುಳಿ ಸುತ್ತಿ ಬೆಸೆದು ಮಾಡಿದ್ದು) ಈಗಿನ ತೋಟೆಗೆ ಆಗಲ್ಲ ಅಂತಲೋ, ಬಾಯಿ ಹತ್ರ ಉಬ್ಬಿದ್ದಕ್ಕೋ ಯಾರೋ ಬದಲಾಯಿಸಿರ್ತಾರೆ. ಆಮೇಲೆ ಒಂದು ತಲೆಮಾರು ಕಳೆದ ಮೇಲೆ ಒಂದು ಬದಿ ಈಡು ಹಾರಲ್ಲ, ಕೋವಿ ಅಲ್ಲಾಡ್ತದೆ, ಭುಜಕ್ಕೆ ಜೋರು ಒದೀತದೆ ಅಂತ ಕಂಪ್ಲೇಂಟ್ ಶುರು ಆಗ್ತದೆ, ಎಲ್ರೂ ಮೊದ್ಲು ಕೈ ಹಾಕೋದು ಒಳಗಿನ ಸ್ಪ್ರಿಂಗಿಗೆ.

ಸ್ಪ್ರಿಂಗಿಗೆ ಆಮೇಲೆ ಬರೋಣ. ನಳಿಗೆ ಬದಲಾದ ಕೋವಿಲಿ ತೊಂದ್ರೆ ಹೆಚ್ಚಾಗಿ ಇರೋದು ಹೊಸ ನಳಿಗೆ ಮತ್ತು ಹಳೆ ಆಕ್ಷನ್ (ನಳಿಗೆ ಹಿಂದೆ ಟ್ರಿಗರ್, ಹೊಡೆಯೋ ಪಿನ್ ಇರೋ ಕಬ್ಬಿಣದ ಭಾಗ) ಸೇರೋ ಜಾಗದಲ್ಲಿ, ಅಥವಾ ಆ ನಳಿಗೆ ಯಾವ ತೋಟೆಗೆ ಮಾಡಿದ್ದು ಅನ್ನೋದ್ರಲ್ಲಿ. ಇನ್ನೊಂದು ಮುಖ್ಯ ವಿಷ್ಯ, ಆಕ್ಷನ್ ಮೇಲೆ ಎಷ್ಟೇ ದೊಡ್ಡ ಹೆಸರು ಕೆತ್ತಿರ್ಲಿ, ಗ್ರೀನರ್ ಇರ್ಲಿ ವೆಬ್ಲಿ ಆಂಡ್ ಸ್ಕಾಟ್ ಇರ್ಲಿ, ಮದ್ದಿನ ಒತ್ತಡ ತಡ್ಕೊಳ್ಳೋದು ನಳಿಗೆ, ಹಾಗಾಗಿ ಆ ಹೆಸರು ನೋಡಿ ಧೈರ್ಯ ಮಾಡ್ಬೇಡಿ. ನಳಿಗೆ ಮೇಲೇ ಒತ್ತಿರೋ ಪ್ರೂಫ್ ಗುರುತು (ಒತ್ತಡ ತಡೀತದೆ ಅಂತ ಪರೀಕ್ಷೆ ಮಾಡಿ ಹಾಕೋ ಮುದ್ರೆ) ಏನು ಹೇಳ್ತದೋ ಅಷ್ಟೇ ಅದ್ರ ಯೋಗ್ಯತೆ.

ಶುರು ಮಾಡೋ ಮೊದ್ಲು: ಕೋವಿ ಮುರ್ದು (ಅಂದ್ರೆ ಬಗ್ಗಿಸಿ ತೆರ್ದು) ಎರಡೂ ನಳಿಗೆ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ನೋಡಿ. ತೋಟೆ ಡಬ್ಬಿ ಬೇರೆ ರೂಮಲ್ಲಿರ್ಲಿ. ಇಲ್ಲಿ ಹೇಳೋದೆಲ್ಲ ಬರೀ ನೋಡಿ ಪತ್ತೆ ಹಚ್ಚೋ ಕೆಲ್ಸ, ಉಜ್ಜೋದು ಬಡಿಯೋದು ಬೆಸುಗೆ ಹಾಕೋದು ಯಾವುದೂ ಮನೇಲಿ ಮಾಡೋದಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿ ಮಾಡೋರಿಗೂ ಲೈಸೆನ್ಸ್ ಬೇಕು, ಊರಿನ ಕಮ್ಮಾರ ಎಷ್ಟೇ ಕೈಚಳಕದವ್ನಾದ್ರೂ ಈ ಕೆಲ್ಸಕ್ಕೆ ಅವ್ನ ಹತ್ರ ಹೋಗ್ಬಾರ್ದು.

ಇದು ಯಾವ ತರದ ನಳಿಗೆ?

ಮುಂದಿನ ಮರ (ನಳಿಗೆ ಕೆಳಗೆ ಎಡಗೈ ಹಿಡಿಯೋ ತುಂಡು) ತೆಗೀರಿ, ನಳಿಗೆ ಬಿಚ್ಚಿ, ತಲೆಕೆಳಗೆ ಮಾಡಿ ಬೆಳಕಲ್ಲಿ ಹಿಡೀರಿ. ತೋಟೆ ಕೂರೋ ಜಾಗದ ಕೆಳಗೆ ಎರಡೂ ಬದಿ ಚಪ್ಪಟೆ ಜಾಗ ಇರ್ತದೆ, ಇಡೀ ಜಾತಕ ಇರೋದು ಅಲ್ಲಿ. ಎಣ್ಣೆ ಕೊಳೆ ಇದ್ರೆ ಬಟ್ಟೇಲಿ ಒರ್ಸಿ, ಎಮೆರಿ ಪೇಪರ್ ಹಾಕಿ ತಿಕ್ಬೇಡಿ, ಗುರುತು ಅಳಿಸಿ ಹೋದ್ರೆ ಕೋವಿ ಬೆಲೆಯೂ ಹೋಯ್ತು, ಕಾನೂನಲ್ಲೂ ಸಿಕ್ಕಾಕ್ಕೊಳ್ತೀರಿ.

ಮೊದ್ಲು ನಂಬರ್ ನೋಡಿ. ಆಕ್ಷನ್ ಮೇಲೆ, ನಳಿಗೆ ಮೇಲೆ, ಮುಂದಿನ ಮರದ ಕಬ್ಬಿಣದ ಮೇಲೆ ಮೂರೂ ಕಡೆ ಒಂದೇ ನಂಬರ್ ಇದ್ರೆ ಒಂದೋ ಮೂಲ ನಳಿಗೆ, ಇಲ್ಲಾ ಒಳ್ಳೆ ಗನ್‌ಸ್ಮಿತ್ ಹೊಸದು ಮಾಡಿ ಹಳೆ ನಂಬರ್ ಒತ್ತಿದ್ದು. ಎರಡನೇದೇ ಅಂತ ಗೊತ್ತಾಗೋದು ಹೇಗೆ ಅಂದ್ರೆ, ಪ್ರೂಫ್ ಗುರುತು ಕೋವಿಗಿಂತ ಹೊಸ ಕಾಲದ್ದು ಇರ್ತದೆ. ಕೋವಿ 1890ರ ಸುಮಾರಿಂದು, ನಳಿಗೆ ಮೇಲೆ ಮಾತ್ರ ಟನ್ ಲೆಕ್ಕದಲ್ಲಿ ಒತ್ತಡ ಬರ್ದಿದೆ ಅಂದ್ರೆ ಅದು 1954ರ ಬ್ರಿಟಿಷ್ ಪ್ರೂಫ್ ನಿಯಮ ಬಂದ ಮೇಲೆ ಪ್ರೂಫ್ ಆಗಿದ್ದು, ಬಾರ್ ಲೆಕ್ಕದಲ್ಲಿ ಇದ್ರೆ ಇನ್ನೂ ಈಚಿಂದು. ನಂಬರೇ ಬೇರೆ ಇದ್ರೆ ಬೇರೆ ಕೋವಿದು ತಂದು ಕೂರಿಸಿದ್ದು, ಅಲ್ಲಿ ಡಬಲ್ ಜಾಗ್ರತೆ ಬೇಕು.

ಮೂರನೇ ತರದ್ದು ಸ್ಲೀವ್ ಮಾಡಿದ್ದು. ಹಳೆ ನಳಿಗೆನ್ನ ಹಿಂಬದಿಯಿಂದ ಸುಮಾರು 3 ಇಂಚು ಬಿಟ್ಟು ಕತ್ತರಿಸ್ತಾರೆ, ಉಳ್ದ ತುಂಡನ್ನ ಒಳಗಿಂದ ಕೊರ್ದು ಅದ್ರಲ್ಲಿ ಹೊಸ ಉಕ್ಕಿನ ಕೊಳವೆ ಸೇರ್ಸಿ ಬೆಸೀತಾರೆ. ಇದ್ರ ಲಾಭ ಏನಂದ್ರೆ ಆಕ್ಷನ್ ಜೊತೆ ಸೇರೋ ಹಳೆ ಭಾಗ ಹಾಗೇ ಉಳೀತದೆ, ಹೊಸದಾಗಿ ಫಿಟ್ಟಿಂಗ್ ಮಾಡೋ ದೊಡ್ಡ ಖರ್ಚಿಲ್ಲ. ಆ ಜಾಗದಲ್ಲಿ ನಳಿಗೆ ಸುತ್ತ ಕೂದಲೆಳೆಯಷ್ಟು ತೆಳು ಗೆರೆ ಕಾಣ್ತದೆ, ಕೆಲವ್ರು ಅದನ್ನ ಮುಚ್ಚೋಕೆ ಮೇಲೆ ಹೂಬಳ್ಳಿ ಕೆತ್ತನೆ ಮಾಡಿರ್ತಾರೆ, ಈಚೆಗೆ ಟಿಗ್ ವೆಲ್ಡಿಂಗ್ ಮಾಡಿದ್ದರಲ್ಲಿ ಗೆರೆ ಕಾಣದೇ ಇರ್ಬಹುದು. ಬ್ರಿಟಿಷ್ ಪ್ರೂಫ್ ಹೌಸಿಂದ ಹಾದು ಬಂದಿದ್ರೆ ಇಂಗ್ಲಿಷಲ್ಲಿ ‘ಸ್ಲೀವ್ಡ್’ ಅಂತ ಒತ್ತಿರ್ತಾರೆ. ಹಿಂಬದಿ 3 ಇಂಚಲ್ಲಿ ಡಮಾಸ್ಕಸ್ ಸುರುಳಿ ನೇಯ್ಗೆ, ಮುಂದೆ ಸಾದಾ ಕಬ್ಬಿಣ ಅಂತ ಕಂಡ್ರೆ ಸ್ಲೀವ್ ಮಾಡಿದ್ದೇ. ಗೆರೆ ಇದೆ, ಪ್ರೂಫ್ ಗುರುತು ಮಾತ್ರ ಹಳೇದೇ ಇದೆ, ‘ಸ್ಲೀವ್ಡ್’ ಅಂತಲೂ ಇಲ್ಲ ಅಂದ್ರೆ ಮುಂದಿನ ಪರೀಕ್ಷೆನೇ ಬೇಡ, ಅದು ಪ್ರೂಫ್ ಆಗದ ನಳಿಗೆ, ಈಡು ಹಾಕ್ಬಾರ್ದು.

ಇನ್ನೂ ಒಂದಿದೆ. ರಿಬ್ (ಎರಡು ನಳಿಗೆ ನಡುವಿನ ಪಟ್ಟಿ) ಮೇಲೆ ಮತ್ತು ಮುಂದಿನ ಮರದ ಮೇಲೆ 1 ಅಥವಾ 2 ಅಂತ ಚಿನ್ನದಲ್ಲಿ ಕೂರಿಸಿದ ಅಂಕೆ ಇರ್ಬಹುದು. ಹಿಂದೆ ಎರಡು ಕೋವಿ ಜೋಡಿಯಾಗಿ ಮಾಡಿಸ್ತಿದ್ರು, ಅಥವಾ ಒಂದೇ ಕೋವಿಗೆ ಎರಡು ಜೊತೆ ನಳಿಗೆ ಮಾಡಿಸ್ತಿದ್ರು. ಅಣ್ಣತಮ್ಮಂದಿರು ಪಾಲು ಮಾಡ್ಕೊಳ್ಳುವಾಗ ಒಂದರ ನಳಿಗೆ ಇನ್ನೊಂದಕ್ಕೆ ಹೋಗಿರೋದೂ ಉಂಟು. ಕೂರ್ತದೆ, ಆದ್ರೆ ಸರಿ ಕೂರಲ್ಲ. ಆಕ್ಷನ್ ಮೇಲೆ 1, ನಳಿಗೆ ಮೇಲೆ 2 ಅಂತ ಕಂಡ್ರೆ ಅಲ್ಲಾಟದ ಕಾರಣ ಹುಡ್ಕೋಕೆ ದೂರ ಹೋಗ್ಬೇಕಿಲ್ಲ.

ಗುರುತು ಓದೋದು ಸ್ವಲ್ಪ ಅಭ್ಯಾಸದಿಂದ ಬರ್ತದೆ. 1904ರ ನಂತ್ರದ ಬರ್ಮಿಂಗ್‌ಹ್ಯಾಮ್ ನಳಿಗೆಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಅಂತ ಇರ್ತದೆ. ಲಂಡನ್ ಆದ್ರೆ ಕತ್ತಿ ಹಿಡಿದ ಕೈ ಕೆಳಗೆ ಎನ್.ಪಿ. ಎನ್.ಪಿ. ಅಂದ್ರೆ ನೈಟ್ರೋ ಪ್ರೂಫ್, ಈಗ ಅಂಗಡೀಲಿ ಸಿಗೋ ಹೊಗೆ ಇಲ್ಲದ ಮದ್ದಿನ ತೋಟೆಗೆ ಪರೀಕ್ಷೆ ಆಗಿದೆ ಅಂತ. ಬೆಲ್ಜಿಯಂ ಕೋವಿ ಆದ್ರೆ ಮೊಟ್ಟೆ ಆಕಾರದೊಳಗೆ ಇ.ಎಲ್.ಜಿ., ನೈಟ್ರೋಗೆ ಸಿಂಹದ ಕೆಳಗೆ ಪಿ.ವಿ. ನೈಟ್ರೋ ಗುರುತೇ ಇಲ್ಲದಿದ್ರೆ ಅದು ಕರಿಮದ್ದಿನ ನಳಿಗೆ ಅಂತಲೇ ಲೆಕ್ಕ. ಬೇರೆ ಕೋವಿದು ತಂದು ಹಾಕಿದ ನಳಿಗೆಗಳಲ್ಲಿ ಇದು ತುಂಬಾ ಮುಖ್ಯ, ಯಾಕಂದ್ರೆ ಆಕ್ಷನ್ ಮೇಲೆ ನೈಟ್ರೋ ಗುರುತು ಇರ್ತದೆ, ನಳಿಗೆ ಮೇಲೆ ಇರಲ್ಲ, ಆಕ್ಷನ್ ಗುರುತು ನೋಡಿದವ್ರು ‘ನೈಟ್ರೋ ಇದೆ’ ಅಂತ ಹೇಳಿ ಬಿಡ್ತಾರೆ.

ರಿಬ್ ಮೇಲಿನ ಹೆಸರಿಗೂ ಇದೇ ಮಾತು. ನಮ್ಮ ಜಿಲ್ಲೆ 1862ರಿಂದ 1956ರ ತನಕ ಬಾಂಬೆ ಆಡಳಿತದಲ್ಲಿ ಇತ್ತು, ಹಾಗಾಗಿ ಬಾಂಬೆ ಅಂಗಡಿ ಹೆಸರಿರೋ ಕೋವಿ ಇಲ್ಲಿ ಕಂಡ್ರೆ ಆಶ್ಚರ್ಯ ಪಡೋದೇನಿಲ್ಲ, ಆದ್ರೆ ಆಗಿನ ಕಾಲದಲ್ಲಿ ಮಾರಿದ ಅಂಗಡಿಯವ್ರೇ ತಮ್ಮ ಹೆಸರು ಹಾಕಿಸ್ತಿದ್ರು, ಮಾಡಿದವ್ರು ಬರ್ಮಿಂಗ್‌ಹ್ಯಾಮಿನ ಇನ್ಯಾರೋ. ನಳಿಗೆ ಬದಲಾಯಿಸುವಾಗ ಹಳೆ ಹೆಸರನ್ನೇ ಹೊಸ ರಿಬ್ ಮೇಲೆ ಮತ್ತೆ ಕೆತ್ತಿಸ್ತಿದ್ದದ್ದೂ ಉಂಟು. ಆ ಹೆಸರಿಂದ ನಳಿಗೆ ಬಗ್ಗೆ ಏನೂ ತಿಳಿಯಲ್ಲ.

ಅಲ್ಲಾಡ್ತದೆ, ಸಂದು ಕಾಣ್ತದೆ

ಇದೇ ಎಲ್ಲಕ್ಕಿಂತ ಹೆಚ್ಚು ಕಾಣೋ ತೊಂದ್ರೆ. ನಳಿಗೆಯ ಹಿಂಬದಿ ಮುಖ ಆಕ್ಷನ್ ಮುಖಕ್ಕೆ ಒತ್ತಿ ಕೂರ್ಬೇಕು. ನಳಿಗೆ ಅಡಿಗೆ ಬೆಸೆದ ಗಟ್ಟಿ ತುಂಡು ಇರ್ತದಲ್ಲ, ಲಂಪ್ ಅಂತಾರೆ, ಅದ್ರ ಮುಂದಿನ ಅರ್ಧಚಂದ್ರ ಕೊಕ್ಕೆ ಆಕ್ಷನ್ನಿನ ಅಡ್ಡ ಪಿನ್ನಿಗೆ ಕಚ್ಚಿ ತಿರುಗ್ತದೆ. ಪಿನ್ ಸವೆದ್ರೆ, ಕೊಕ್ಕೆ ಸವೆದ್ರೆ, ಅಥವಾ ಹೊಸ ನಳಿಗೆಯ ಕೊಕ್ಕೆನ್ನ ಸರಿಯಾಗಿ ಅರದಲ್ಲಿ ಉಜ್ಜಿ ಕೂರಿಸದೇ ಹೋದ್ರೆ ಹಿಂದೆ ಸಂದು ಬೀಳ್ತದೆ.

ನೋಡೋ ರೀತಿ: ಮುಂದಿನ ಮರ ತೆಗ್ದು ಕೋವಿ ಮುಚ್ಚಿ. ಮರ ತೆಗೀಲೇಬೇಕು, ಯಾಕಂದ್ರೆ ಅದ್ರೊಳಗಿನ ಸ್ಪ್ರಿಂಗ್ ನಳಿಗೆನ್ನ ಹಿಂದಕ್ಕೆ ಒತ್ತಿ ಹಿಡ್ದಿರ್ತದೆ, ಮರ ಇದ್ದಾಗ ಗಟ್ಟಿ ಇದೆ ಅನ್ನಿಸ್ತದೆ, ಕೋವಿ ಮಾರೋರು ಮರ ಹಾಕೇ ಅಲ್ಲಾಡಿಸಿ ತೋರ್ಸೋದು ಅದಕ್ಕೇ. ಆಮೇಲೆ ಒಂದು ಕೈಲಿ ಸ್ಟಾಕಿನ ಕುತ್ತಿಗೆ, ಇನ್ನೊಂದು ಕೈಲಿ ನಳಿಗೆ ಹಿಡ್ದು ಮೇಲೆಕೆಳಗೆ, ಎಡಬಲ ಅಲ್ಲಾಡ್ಸಿ. ಲೊಟಲೊಟ ಅಂದ್ರೆ ಗೊತ್ತಾಯ್ತಲ್ಲ. ಅನುಮಾನ ಇದ್ರೆ ಕಿಟಕಿ ಬೆಳಕಿಗೆ ಅಡ್ಡ ಹಿಡ್ದು ನಳಿಗೆ ಮತ್ತು ಆಕ್ಷನ್ ನಡುವೆ ಬೆಳಕು ದಾಟ್ತದಾ ನೋಡಿ. ಇನ್ನೂ ಸೂಕ್ಷ್ಮ ಬೇಕಂದ್ರೆ ಸಿಗರೇಟ್ ಸುತ್ತೋ ತೆಳು ಪೇಪರ್ ಒಂದು ಪಟ್ಟಿ ನಡುವೆ ಇಟ್ಟು ಮುಚ್ಚಿ ಎಳೀರಿ. ಹಿಡ್ಕೊಂಡ್ರೆ ಸರಿ, ಸಲೀಸಾಗಿ ಜಾರಿ ಬಂದ್ರೆ ಸಂದು ಇದೆ. ಎಡಕ್ಕೂ ಬಲಕ್ಕೂ ಬೇರೆಬೇರೆ ಮಾಡಿ ನೋಡಿ, ಬದಲಾಯಿಸಿದ ನಳಿಗೆಲಿ ಒಂದು ಬದಿ ಮಾತ್ರ ಸಂದು ಇರೋದು ಉಂಟು, ಸವಕಳಿ ಆಗಿದ್ರೆ ಎರಡೂ ಬದಿ ಹೆಚ್ಚುಕಮ್ಮಿ ಒಂದೇ ತರ ಇರ್ತದೆ. ಈ ವ್ಯತ್ಯಾಸ ಗಮನ್ಸಿ, ಒಂದೇ ಬದಿ ಸಂದು ಅಂದ್ರೆ ಕೂರಿಸಿದವ್ರ ಕೆಲ್ಸವೇ ಸರಿ ಆಗಿಲ್ಲ ಅನ್ನೋ ಅನುಮಾನ ಜಾಸ್ತಿ.

ಚಿಮಣಿ ದೀಪದ ಮಸಿ ಇಲ್ಲಿ ತುಂಬಾ ಉಪಯೋಗ. ನಳಿಗೆ ಹಿಂಬದಿ ಮುಖಕ್ಕೆ, ಕೊಕ್ಕೆಗೆ, ಲಂಪಿನ ಬದಿಗೆ ತೆಳುವಾಗಿ ಮಸಿ ಹಿಡ್ಸಿ ಮೆಲ್ಲಗೆ ಮುಚ್ಚಿ ತೆಗೀರಿ. ಎಲ್ಲಿ ಮಸಿ ಅಳ್ಸಿ ಹೊಳೀತದೋ ಅಲ್ಲಿ ಲೋಹ ತಾಗಿದೆ. ಒಳ್ಳೆ ಗನ್‌ಸ್ಮಿತ್‌ಗಳು ಇವತ್ತಿಗೂ ಮಸಿ ಹಿಡ್ಸಿ, ತಾಗಿದಲ್ಲಿ ಮಾತ್ರ ಉಜ್ಜಿ, ಮತ್ತೆ ಮಸಿ ಹಿಡ್ಸಿ ಹೀಗೇ ನಳಿಗೆ ಕೂರಿಸೋದು. ನಿಮಗೆ ಉಜ್ಜೋ ಕೆಲ್ಸ ಇಲ್ಲ, ಎಲ್ಲಿ ತಾಗ್ತದೆ ಅಂತ ನೋಡಿದ್ರೆ ಸಾಕು. ಕೊಕ್ಕೆ ಇಡೀ ಅರ್ಧಚಂದ್ರದಲ್ಲಿ ತಾಗ್ಬೇಕು, ಬರೀ ತುದೀಲಿ ಒಂದು ಚುಕ್ಕೆ ತಾಗಿದ್ರೆ ಈಗ ಗಟ್ಟಿ ಅನ್ನಿಸಿದ್ರೂ ಸ್ವಲ್ಪ ಈಡು ಹಾರಿಸಿದ ಮೇಲೆ ಮತ್ತೆ ಲೂಸ್ ಆಗ್ತದೆ.

ಮೇಲಿನ ಲಿವರ್ ಎಲ್ಲಿ ನಿಂತಿದೆ ಅಂತಲೂ ನೋಡಿ. ಸರಿಯಾಗಿ ಕೂರಿಸಿದ ಕೋವಿ ಮುಚ್ಚಿದಾಗ ಲಿವರ್ ನಡುವಿನಿಂದ ಸ್ವಲ್ಪ ಬಲಕ್ಕೆ ಇರ್ತದೆ, ನಳಿಗೆನ್ನ ಮುಚ್ಚಿ ಹಿಡಿಯೋ ಬೋಲ್ಟ್ ಸವೆದ ಹಾಗೆ ಎಡಕ್ಕೆ ಸರೀತದೆ. ನಡು ದಾಟಿ ಎಡಕ್ಕೆ ಹೋಗಿದ್ರೆ ಬೋಲ್ಟ್ ಹಿಡಿಯೋ ಕಚ್ಚು ಸಡ್ಲ ಆಗಿದೆ ಅಂತ. ಹಳೆ ಬೋಲ್ಟಿಗೆ ಹೊಸ ನಳಿಗೆ ಕಚ್ಚು ಕೊರೆಯುವಾಗ ಹೆಚ್ಚು ಕೊರೆದಿದ್ರೂ ಹೀಗೇ ಆಗ್ತದೆ.

ಇದಕ್ಕೆ ಊರ ಕಡೆ ಮಾಡೋ ಎರಡು ಉಪಾಯ ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರೀತದೆ. ಒಂದು, ಕೊಕ್ಕೆಗೆ ತಗಡಿನ ಚೂರು ಇಡೋದು. ಇನ್ನೊಂದು, ಲಂಪನ್ನ ಸುತ್ತಿಗೇಲಿ ಬಡ್ದು ಹಿಗ್ಗಿಸೋದು. ಎರಡೂ ಒಂದು ವಾರ ಗಟ್ಟಿ ಕಾಣ್ತವೆ. ಲಂಪ್ ಬಡ್ದಿದ್ದಾರಾ ಅಂತ ಗೊತ್ತಾಗ್ಬೇಕಂದ್ರೆ ಬದೀಲಿ ಸಣ್ಣ ಗುಳಿಗಳ ಸಾಲು ಇದೆಯಾ ನೋಡಿ. ಇದ್ರೆ ಆ ಕೋವಿನ್ನ ಸರಿ ಮಾಡೋರಿಗೆ ಕೆಲ್ಸ ಎರಡು ಪಟ್ಟು. ಸರಿಯಾದ ದಾರಿ ಅಂದ್ರೆ ದಪ್ಪದ ಹೊಸ ಅಡ್ಡ ಪಿನ್ ಹಾಕೋದು, ಅಥವಾ ಕೊಕ್ಕೆಗೆ ಲೋಹ ತುಂಬಿ ಹೊಸದಾಗಿ ಉಜ್ಜಿ ಕೂರಿಸೋದು.

ಒಂದು ನಳಿಗೆ ಮಾತ್ರ ಈಡು ಹಾರಲ್ಲ

ಇಲ್ಲಿ ಸ್ವಲ್ಪ ನಿಂತು ಯೋಚ್ನೆ ಮಾಡ್ಬೇಕು, ಯಾಕಂದ್ರೆ ಅನಾವಶ್ಯಕ ದುಡ್ಡು ಹೋಗೋದು ಇಲ್ಲೇ. ಟ್ರಿಗರ್ ಒತ್ತಿದಾಗ ಟಕ್ ಅಂತು, ಈಡು ಹಾರ್ಲಿಲ್ಲ. ಆಗ ಕೋವಿನ್ನ ಸುರಕ್ಷಿತ ದಿಕ್ಕಿಗೆ ಹಿಡ್ದು ಒಂದು ನಿಮಿಷ ಹಾಗೇ ನಿಲ್ಲಿ, ಕೂಡ್ಲೇ ಮುರಿಬೇಡಿ, ತೇವ ಹಿಡಿದ ತೋಟೆ ತಡವಾಗಿ ಹಾರೋದು ಉಂಟು. ಆಮೇಲೆ ತೆಗ್ದು ತೋಟೆಯ ಕೇಪ್ (ಹಿಂಬದಿ ನಡುವೆ ಪಿನ್ ಹೊಡೆಯೋ ಬಿಲ್ಲೆ) ಮೇಲೆ ಬಿದ್ದ ಗುಳಿ ನೋಡಿ, ಅದು ಬಹಳ ಹೇಳ್ತದೆ.

ಗುಳಿ ಆಳ ಇದೆ, ನಡುವಲ್ಲೇ ಇದೆ ಅಂದ್ರೆ ಕೋವಿ ತಪ್ಪಲ್ಲ, ತೋಟೆ ತಪ್ಪು. ನಮ್ಮ ಕಡೆ ಮಳೆಗಾಲದಲ್ಲಿ ಅಟ್ಟದ ಮೇಲೆ ಇಟ್ಟ ತೋಟೆಗೆ ಇದು ಹೊಸದಲ್ಲ. ಗುಳಿ ತೆಳುವಾಗಿದೆ, ಆದ್ರೆ ನಡುವಲ್ಲಿದೆ ಅಂದ್ರೆ ಎರಡು ಕಾರಣ ಇರ್ಬಹುದು, ಸ್ಪ್ರಿಂಗ್ ಸೋತಿದೆ ಅಥವಾ ತೋಟೆ ಪಿನ್ನಿಂದ ದೂರ ಕೂತಿದೆ. ಗುಳಿ ಪಕ್ಕಕ್ಕೆ ಬಿದ್ದಿದೆ ಅಂದ್ರೆ ನಳಿಗೆ ಮತ್ತು ಪಿನ್ ಎದುರುಬದುರು ಇಲ್ಲ, ಅಂದ್ರೆ ಬೇರೆ ಕೋವಿಯ ನಳಿಗೆ ತಂದು ಹಾಕಿದಾಗ ಎರಡು ತೂತುಗಳ ನಡುವಿನ ಅಂತರ ಈ ಆಕ್ಷನ್ನಿಗೆ ಹೊಂದಿಲ್ಲ. ಇದಕ್ಕೆ ಎಷ್ಟು ಸ್ಪ್ರಿಂಗ್ ಬದಲಾಯಿಸಿದ್ರೂ ಪ್ರಯೋಜನ ಇಲ್ಲ.

ಸ್ಪ್ರಿಂಗಾ ಅಲ್ಲ ತೋಟೆ ದೂರ ಕೂತಿದ್ದಾ ಅಂತ ಬೇರ್ಪಡ್ಸೋಕೆ ನಳಿಗೆ ಬಿಚ್ಚಿಟ್ಕೊಳ್ಳಿ, ಮೊದ್ಲೇ ಹಾರಿಸಿ ಖಾಲಿ ಆಗಿರೋ ಒಂದು ತೋಟೆ ಕವಚ ತಗೊಳ್ಳಿ, ಅಥವಾ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟೆ) ಇದ್ರೆ ಇನ್ನೂ ಒಳ್ಳೇದು. ಅದೇ ಒಂದನ್ನ ಮೊದ್ಲು ಬಲ ನಳಿಗೆಲಿ, ಆಮೇಲೆ ಎಡ ನಳಿಗೆಲಿ ಹಾಕಿ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಡಿ. ತೋಟೆಯ ಅಂಚು ನಳಿಗೆ ಮುಖದ ಸಮಕ್ಕೆ ಬರ್ಬೇಕು. ಒಂದರಲ್ಲಿ ಸಮ, ಇನ್ನೊಂದರಲ್ಲಿ ಒಳಗೆ ಹೋಗಿ ಸ್ಕೇಲ್ ಕೆಳಗೆ ಬೆಳಕು ಕಂಡ್ರೆ ಅಂಚು ಕೂರೋ ತಗ್ಗನ್ನ ಹೆಚ್ಚು ಆಳ ಕೊರ್ದಿದ್ದಾರೆ. ಪಿನ್ ಬಂದು ಹೊಡೆಯುವಾಗ ತೋಟೆ ಮುಂದಕ್ಕೆ ಸರೀತದೆ, ಪೆಟ್ಟು ಮೆತ್ತಗೆ ಬೀಳ್ತದೆ. ಸಿದ್ದಾಪುರ ಕಡೆ ಒಬ್ರ ಮನೆ ಕೋವಿಲಿ ಎಡ ನಳಿಗೆ ಹಾರಲ್ಲ ಅಂತ ಸ್ಪ್ರಿಂಗ್ ಬದಲಾಯಿಸಿ, ಪಿನ್ ಬದಲಾಯಿಸಿ, ಕೇಪ್ ಸರಿ ಇಲ್ಲ ಅಂತ ತೋಟೆ ಬ್ರ್ಯಾಂಡೂ ಬದಲಾಯಿಸಿ ಆಗಿತ್ತು, ಸ್ಕೇಲ್ ಅಡ್ಡ ಇಟ್ಟಾಗ ಕಂಡದ್ದು ಈ ತಗ್ಗು. ಅದು ಸ್ಲೀವ್ ಮಾಡಿದ ನಳಿಗೆ, ಚೇಂಬರ್ (ತೋಟೆ ಕೂರೋ ಜಾಗ) ಮರು ಕೊರೆಯುವಾಗ ಎಡಬದಿ ಆಳ ಆಗಿತ್ತು. ಎರಡೂ ಬದಿ ಸಮ ಇದ್ದು, ನಳಿಗೆ ಮುಖದಲ್ಲಿ ಸಂದೂ ಇಲ್ಲ ಅಂದ್ರೆ ಈಗ ಸ್ಪ್ರಿಂಗ್, ಪಿನ್ ಉದ್ದ, ಪಿನ್ ತೂತಲ್ಲಿ ಗಟ್ಟಿ ಆದ ಹಳೆ ಎಣ್ಣೆ ಇವನ್ನ ನೋಡೋಕೆ ಹೇಳಿ. ತೆಂಗಿನೆಣ್ಣೆ ಹಾಕಿದ ಲಾಕ್ ಎಷ್ಟೋ ಇದಾವೆ, ಚಳಿಗೆ ಹೆಪ್ಪುಗಟ್ಟಿ ಅಂಟು ಕೂತಿರ್ತದೆ, ದಯವಿಟ್ಟು ಹಾಕ್ಬೇಡಿ.

ಹಾರಿದ ತೋಟೆನೂ ನೋಡ್ಬೇಕು. ಕೇಪ್ ಹಿಂದಕ್ಕೆ ಉಬ್ಬಿ ಹೊರಗೆ ಬಂದಿದ್ರೆ ಹಿಂದೆ ಸಂದು ಇದೆ ಅಂತ ಸಾಕ್ಷಿ.

ಜೋರು ಒದೀತದೆ, ತೋಟೆ ಬಾಯಿ ಹರೀತದೆ

ಇದು ಅಪಾಯದ್ದು, ಆದ್ರೆ ‘ಒಳ್ಳೆ ಪವರ್ ಇದೆ’ ಅಂತ ಖುಷಿ ಪಡೋರೇ ಜಾಸ್ತಿ. 12 ಬೋರ್ ತೋಟೆಲಿ ಎರಡು ಉದ್ದ ಸಾಮಾನ್ಯ, 65 ಮಿ.ಮೀ. ಅಂದ್ರೆ ಎರಡೂವರೆ ಇಂಚು, 70 ಮಿ.ಮೀ. ಅಂದ್ರೆ ಎರಡೂಮುಕ್ಕಾಲು ಇಂಚು. ಹಳೆ ಇಂಗ್ಲಿಷ್ ಕೋವಿಗಳ ತೋಟೆ ಮನೆ ಹೆಚ್ಚಾಗಿ ಎರಡೂವರೆ ಇಂಚಿಂದು. 70ರ ತೋಟೆ ಅದ್ರಲ್ಲಿ ಹೋಗಲ್ಲ ಅಂತ ತಿಳ್ಕೊಂಡಿದ್ರೆ ತಪ್ಪು, ಆರಾಮಾಗಿ ಹೋಗ್ತದೆ. ಡಬ್ಬಿ ಮೇಲೆ ಬರೆದ 70 ಅನ್ನೋದು ಬಾಯಿ ಬಿಚ್ಚಿದ ಮೇಲಿನ ಉದ್ದ, ಬಾಯಿ ಮಡ್ಚಿರುವಾಗ ತೋಟೆ ಗಿಡ್ಡ ಇರ್ತದೆ. ಈಡು ಹಾರಿದಾಗ ಆ ಬಾಯಿ ಚೇಂಬರ್ ಮುಂದಿನ ಇಳಿಜಾರಲ್ಲಿ ಬಿಚ್ಕೊಳ್ತದೆ, ಚರೆ ಹೋಗೋ ದಾರಿ ಕಿರಿದಾಗ್ತದೆ, ಒತ್ತಡ ಏರ್ತದೆ. ಹಾಗಾಗಿ ‘ತೋಟೆ ಕೂತಿದೆ, ಕೋವಿ ಮುಚ್ಚಿದೆ, ಅಂದ್ರೆ ಸರಿ’ ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ.

ಲಕ್ಷಣ ಏನಂದ್ರೆ ಖಾಲಿ ಕವಚದ ಬಾಯಿ ಹರಿದು ಚಿಂದಿ ಆಗಿರ್ತದೆ, ಸುಟ್ಟಂಗೆ ಇರ್ತದೆ, ಕೆಲವು ಸಲ ತುದಿ ಉಂಗುರದ ತರ ಕತ್ತರಿಸಿ ಹೋಗಿರ್ತದೆ, ಭುಜ ನೋಯ್ತದೆ, ಕೋವಿ ತೆರೆಯೋಕೆ ಬಿಗಿ ಆಗ್ತದೆ. ಆಗ ನಳಿಗೆ ಚಪ್ಪಟೆ ಜಾಗದಲ್ಲಿ ಚೇಂಬರ್ ಉದ್ದ ಒತ್ತಿದ್ದಾರಾ ನೋಡಿ. 1954ರ ನಂತ್ರದ ಬ್ರಿಟಿಷ್ ಗುರುತಲ್ಲಿ ಎರಡೂವರೆ ಇಂಚಿನ ಜೊತೆ ಸಾಮಾನ್ಯವಾಗಿ 3 ಟನ್, ಎರಡೂಮುಕ್ಕಾಲಿನ ಜೊತೆ ಮೂರೂಕಾಲು ಟನ್ ಅಂತ ಇರ್ತದೆ. ಗುರುತಲ್ಲಿ ಎರಡೂವರೆ ಇದ್ದು ಅಳತೆಲಿ ಎರಡೂಮುಕ್ಕಾಲು ಬಂದ್ರೆ ಯಾರೋ ಆಮೇಲೆ ಉದ್ದ ಕೊರ್ದಿದ್ದಾರೆ, ಮತ್ತೆ ಪ್ರೂಫ್ ಮಾಡಿಸಿಲ್ಲ ಅಂತ, ಅದನ್ನ ಗೇಜ್ ಇರೋ ಗನ್‌ಸ್ಮಿತ್ ಹತ್ರ ಮಾತ್ರ ತೀರ್ಮಾನ ಮಾಡ್ಬೇಕು. ಏನೂ ತಿಳಿದಿಲ್ಲ ಅಂದ್ರೆ 65 ಮಿ.ಮೀ. ಅಂತಲೇ ಹಿಡ್ದು ನಡೀರಿ.

ಇದೇ ಜಾಗದಲ್ಲಿ ಇನ್ನೊಂದು ಮಾತು ಹೇಳ್ಲೇಬೇಕು. ಮನೇಲಿ 20 ಬೋರ್ ತೋಟೆನೂ ಇದ್ರೆ ಅದನ್ನ 12ರ ಡಬ್ಬಿ ಹತ್ರ ಇಡ್ಬೇಡಿ. 20 ಬೋರ್ ತೋಟೆ 12ರ ಚೇಂಬರ್ ದಾಟಿ ಮುಂದೆ ಹೋಗಿ ಸಿಕ್ಕಾಕ್ಕೊಳ್ತದೆ, ಹಿಂದಿಂದ ನೋಡಿದ್ರೆ ಖಾಲಿ ಅನ್ನಿಸ್ತದೆ, ಅದ್ರ ಹಿಂದೆ 12ರ ತೋಟೆ ಹಾಕಿ ಹಾರಿಸಿದ್ರೆ ನಳಿಗೆ ಎಡಗೈ ಹತ್ರವೇ ಸಿಡೀತದೆ. ಸಿಡಿದ ನಳಿಗೆಗೆ ಇದೊಂದು ಜಗತ್ತಿಗೇ ಗೊತ್ತಿರೋ ಕಾರಣ.

ರಿಬ್ ಬಿಟ್ಟಿದ್ಯಾ ಅಂತ ಕಿವೀಲಿ ಕೇಳೋದು

ಎರಡು ನಳಿಗೆ ನಡುವೆ ಮೇಲೆ ಕೆಳಗೆ ಇರೋ ಪಟ್ಟಿ ಸೀಸ-ತವರದ ಮೆದು ಬೆಸುಗೇಲಿ ಹಿಡ್ದಿರ್ತದೆ. ಖಾಲಿ ತೋಟೆ ಎಸೆಯೋ ಎಜೆಕ್ಟರ್ ಅಥವಾ ಬರೀ ಎತ್ತೋ ಎಕ್ಸ್‌ಟ್ರಾಕ್ಟರ್ ತೆಗ್ದು (ತೆಗೀದಿದ್ರೆ ಅದೇ ಗಲಗಲ ಅಂತದೆ), ನಳಿಗೆನ್ನ ಕೊಕ್ಕೆಲಿ ಬೆರಳು ಸಿಕ್ಸಿ ತೂಗುಬಿಡಿ, ಪೆನ್ಸಿಲ್ ಅಥವಾ ಮರದ ಕಡ್ಡೀಲಿ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆ ತರ ಉದ್ದಕ್ಕೆ ಎಳೆದ ನಾದ ಬಂದ್ರೆ ರಿಬ್ ಗಟ್ಟಿ. ಒಡಕು ದನಿ, ಝರ್ರ್ ಅನ್ನೋ ಶಬ್ದ ಬಂದ್ರೆ ಎಲ್ಲೋ ಬೆಸುಗೆ ಬಿಟ್ಟಿದೆ. ಉದ್ದಕ್ಕೂ ಜಾಗ ಬದಲಾಯಿಸಿ ತಟ್ಟಿದ್ರೆ ಎಲ್ಲಿ ಬಿಟ್ಟಿದೆ ಅಂತಲೂ ಅಂದಾಜು ಸಿಗ್ತದೆ. ರಿಬ್ ಅಂಚಿಗೆ ಒಂದು ಹನಿ ತೆಳು ಎಣ್ಣೆ ಬಿಟ್ಟು ಒತ್ತಿದಾಗ ಸಣ್ಣ ಗುಳ್ಳೆ ಬಂದ್ರೂ ಅಲ್ಲಿ ಬಿಟ್ಟಿದೆ ಅಂತಲೇ.

ಬದಲಾದ ನಳಿಗೆಲಿ ರಿಬ್ ಬಿಡೋಕೆ ಒಂದು ದೊಡ್ಡ ಕಾರಣ ಕಪ್ಪು ಬಣ್ಣ. ಜೋಡು ನಳಿಗೆಗೆ ಬಣ್ಣ ಹಾಕೋ ಸರಿಯಾದ ರೀತಿ ನಿಧಾನದ್ದು, ತುಕ್ಕು ಹಿಡಿಸಿ, ಕುದಿಯೋ ನೀರಲ್ಲಿ ಹಾಕಿ, ಉಜ್ಜಿ, ಮತ್ತೆ ಮತ್ತೆ ಅದೇ ಮಾಡೋದು, ದಿನಗಟ್ಟಲೆ ಕೆಲ್ಸ. ಅವಸರಕ್ಕೆ ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಮುಳುಗಿಸಿ ಅರ್ಧ ದಿನದಲ್ಲಿ ಕಪ್ಪು ಮಾಡಿ ಕೊಡೋರು ಇದಾರೆ. ಕಾಸ್ಟಿಕ್ ಮೆದು ಬೆಸುಗೆನ್ನ ತಿಂತದೆ, ಸಂದಿಗೆ ಇಳಿದ ಉಪ್ಪು ಹೊರಗೆ ಬರಲ್ಲ, ಒಳಗೊಳಗೇ ತುಕ್ಕು ನಡೀತದೆ. ಮಿರಿಮಿರಿ ಕರಿ ಬಣ್ಣ, ರಿಬ್ ಅಂಚಲ್ಲಿ ಬಿಳಿ ಪುಡಿ ಅಥವಾ ಕೆಂಪು ನೀರಿನ ಕಲೆ ಪದೇಪದೇ ಕಾಣ್ತಾ ಇದ್ರೆ ಇದೇ ಆಗಿರೋದು. ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪು ಗಾಳಿಗೆ ಇದು ಇನ್ನೂ ಬೇಗ. ಕೋವಿನ್ನ ಚರ್ಮದ ಚೀಲದಲ್ಲಿ, ಬಟ್ಟೆ ಸುತ್ತಿ ಇಡ್ಬೇಡಿ, ತೇವ ಹೀರಿ ಹಿಡ್ಕೊಳ್ತದೆ. ಎಲೆಕ್ಷನ್ ಟೈಮಲ್ಲಿ ಸ್ಟೇಷನ್ನಿಗೆ ಡೆಪಾಸಿಟ್ ಇಟ್ಟು ವಾಪಸ್ ತಂದ ದಿನವೇ ನಳಿಗೆ ಬಿಚ್ಚಿ ನೋಡಿ, ಒಳಗೂ ರಿಬ್ ಅಂಚಿಗೂ ಎಣ್ಣೆ ಹಚ್ಚಿ.

ನಳಿಗೆ ಒಳಗೆ

ಬೆಳಕಿನ ಕಡೆ ಹಿಡ್ದು ಒಳಗೆ ನೋಡುವಾಗ ನೆರಳಿನ ಉಂಗುರ ಮುರೀದೆ ಉದ್ದಕ್ಕೂ ಸಾಗ್ಬೇಕು. ಎಲ್ಲಾದ್ರೂ ಉಂಗುರ ಕಪ್ಪಗೆ ನಿಂತ್ರೆ ಉಬ್ಬು, ಒಂದೇ ಬದಿ ನೆರಳು ಚಂದ್ರನ ತರ ನಿಂತ್ರೆ ಹೊರಗಿಂದ ಬಿದ್ದ ತಗ್ಗು. ಬಾಯಿ ಹತ್ರ ಉಬ್ಬೋಕೆ ಕಾರಣ ಮಣ್ಣು, ಮರ್ತು ಒಳಗೇ ಬಿಟ್ಟ ಬಟ್ಟೆ, ಮತ್ತೆ ನಮ್ಮ ಕಡೆ ಕುಂಬಾರ ಹುಳ. ಗೋಡೆಗೆ ತೂಗುಹಾಕಿದ ಕೋವಿ ಬಾಯಲ್ಲಿ ಅದು ಮಣ್ಣಿನ ಗೂಡು ಕಟ್ಟಿ ಮುಚ್ಚಿ ಬಿಡ್ತದೆ, ಯಾರಿಗೂ ಗೊತ್ತಾಗಲ್ಲ. ಪ್ರತಿ ಸಲ ತೋಟೆ ಹಾಕೋ ಮೊದ್ಲು ನಳಿಗೆ ಮೂಲಕ ಬೆಳಕು ನೋಡ್ಲೇಬೇಕು.

ಗೋಡೆ ದಪ್ಪ ಮಾತ್ರ ಕಣ್ಣಿಗೆ ಗೊತ್ತಾಗಲ್ಲ. ತುಕ್ಕು ಗುಳಿ ತೆಗೆಯೋಕೆ ಒಳಗೆ ಮತ್ತೆ ಮತ್ತೆ ಉಜ್ಜಿದ ನಳಿಗೆ ಕನ್ನಡಿ ತರ ಹೊಳೀತದೆ, ಗೋಡೆ ಮಾತ್ರ ತೆಳು ಆಗಿರ್ತದೆ. 20 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು), ಅಂದ್ರೆ ಅರ್ಧ ಮಿ.ಮೀ. ಆಸುಪಾಸಿಗೆ ಇಳಿದಿದ್ರೆ ಅನುಭವಸ್ಥರು ಬೇಡ ಅಂತಾರೆ. ಒಳ ಅಳತೆಗೆ ಪ್ರೂಫ್ ಗುರುತೇ ಆಧಾರ. 12 ಬೋರಿನ ಲೆಕ್ಕದ ಅಳತೆ .729 ಇಂಚು, ಹಳೆ ಗುರುತಲ್ಲಿ 12 ಅಂತ ಇದ್ರೆ ಅದು, 13/1 ಇದ್ರೆ .719. ಒತ್ತಿದ ಅಳತೆಗಿಂತ 10 ಥೌ ದೊಡ್ಡದಾಗಿದ್ರೆ ಪ್ರೂಫಿಂದ ಹೊರಗೆ ಅಂತ ಹಿಡೀತಾರೆ. ಹೊಳಪು ನೋಡಿ ಮರುಳಾಗ್ಬೇಡಿ, ಗೇಜ್ ಹಾಕ್ಸಿ.

ಉಳಿದ ಸಣ್ಣಪುಟ್ಟ ವಿಷ್ಯ: ಎಜೆಕ್ಟರ್ ಒಂದು ಬದಿ ತೋಟೆ ಎಸೀತದೆ, ಇನ್ನೊಂದು ಬದಿ ಎತ್ತೋದು ಮಾತ್ರ ಅಂದ್ರೆ ಮುಂದಿನ ಮರ ಈ ನಳಿಗೆದ್ದಲ್ಲ ಅನ್ನೋ ಸಾಧ್ಯತೆ ಮೊದ್ಲು ನೋಡಿ, ನಂಬರ್ ಹೇಳ್ತದೆ. ಎರಡು ನಳಿಗೆ ಚರೆ ಬೇರೆಬೇರೆ ಕಡೆ ಬೀಳ್ತಾ ಇದ್ರೆ ನಳಿಗೆ ಜೋಡಿಸುವಾಗ ಕೋನ ತಪ್ಪಿದೆ, ಅದನ್ನ ಸರಿ ಮಾಡೋದು ಅಂದ್ರೆ ಬೆಸುಗೆ ಬಿಚ್ಚಿ ಮತ್ತೆ ಹಾಕೋದು, ಖರ್ಚು ನೋಡಿ ತೀರ್ಮಾನ ಮಾಡಿ. ಇದನ್ನ ಪರೀಕ್ಷೆ ಮಾಡೋದು 40 ಗಜದಲ್ಲಿ ದೊಡ್ಡ ಹಾಳೆಗೆ ಒಂದೇ ಗುರಿ ಇಟ್ಟು ಎರಡೂ ನಳಿಗೆಯಿಂದ ಬೇರೆಬೇರೆ ಹೊಡ್ದು. ಚರೆ ಎಷ್ಟು ಹರಡ್ತದೆ ಅಂತಲೂ ನೋಡೋಕೆ 30 ಇಂಚಿನ ವೃತ್ತ ಎಳ್ದು, ಒಳಗೆ ಬಿದ್ದ ಚರೆ ಎಣ್ಸಿ. ಫುಲ್ ಚೋಕ್ (ಬಾಯಿ ಕಿರಿದು ಮಾಡಿದ ನಳಿಗೆ) ಆದ್ರೆ ಸುಮಾರು 70 ಪರ್ಸೆಂಟ್, ಸಿಲಿಂಡರ್ (ಬಾಯಿ ಕಿರಿದು ಮಾಡದ್ದು) ಆದ್ರೆ 40 ಬೀಳ್ಬೇಕು. ಆದ್ರೆ ಈ ಕೆಲ್ಸ ಅನುಮತಿ ಇರೋ ರೇಂಜಲ್ಲಿ, ಮೇಲಿನ ಪರೀಕ್ಷೆ ಎಲ್ಲ ಪಾಸಾದ ಮೇಲೆ.

ಕಾಗದ ಪತ್ರ, ಮತ್ತೆ ಗನ್‌ಸ್ಮಿತ್ ಹತ್ರ ಹೇಳ್ಬೇಕಾದ್ದು

ನಳಿಗೆ ನಂಬರ್ ಲೈಸೆನ್ಸಲ್ಲಿ ಇರೋದಕ್ಕೆ ಹೊಂದದಿದ್ರೆ ಮುಚ್ಚಿಡ್ಬೇಡಿ, ನಂಬರ್ ಉಜ್ಜಿ ಹೊಸದು ಒತ್ತಿಸೋಕಂತೂ ಹೋಗ್ಲೇಬೇಡಿ, ಗುರುತು ಅಳಿಸೋದು ತಿದ್ದೋದು ಆರ್ಮ್ಸ್ ಆಕ್ಟಲ್ಲಿ ಅಪರಾಧ. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಇದ್ದದ್ದನ್ನ ಇದ್ದಂಗೆ ದಾಖಲು ಮಾಡ್ಸಿ. ಬಿಡಿ ನಳಿಗೆನೂ ಕಾನೂನಿನ ಕಣ್ಣಲ್ಲಿ ಆಯುಧವೇ, ಎಲ್ಲೋ ಹಳೆ ನಳಿಗೆ ಸಿಗ್ತದೆ ಅಂತ ಹಾಗೇ ತಗೊಂಡು ಬಸ್ಸಲ್ಲಿ ತರೋ ಹಾಗಿಲ್ಲ. ಉಬ್ಬಿದ ಬಾಯಿ ಕತ್ತರ್ಸಿ ಗಿಡ್ಡ ಮಾಡಿಸೋಣ ಅನ್ನೋರಿಗೂ ಇದೇ ಮಾತು, ನಳಿಗೆ ಗಿಡ್ಡ ಮಾಡೋದಕ್ಕೂ ಬೇರೆ ಲೈಸೆನ್ಸ್ ಬೇಕು.

ಗನ್‌ಸ್ಮಿತ್ ಹತ್ರ ಹೋದಾಗ ‘ಲೂಸ್ ಇದೆ, ಟೈಟ್ ಮಾಡಿ’ ಅಂತ ಹೇಳ್ಬೇಡಿ, ಹಾಗೆ ಹೇಳಿದ್ರೆ ಕೆಲವ್ರು ಟೈಟ್ ಮಾತ್ರ ಮಾಡಿ ಕೊಡ್ತಾರೆ. ಸಂದು ಯಾವ ಬದಿ ಇದೆ, ಮಸಿ ಎಲ್ಲಿ ಅಳ್ಸಿತ್ತು, ಕೇಪ್ ಗುಳಿ ಹೇಗಿತ್ತು ಅಂತ ಹೇಳಿ, ಹಾರದ ತೋಟೆ, ಬಾಯಿ ಹರಿದ ಖಾಲಿ ಕವಚ ಇದ್ರೆ ಅವನ್ನೂ ಅವ್ರಿಗೆ ತೋರಿಸಿ. ಚೇಂಬರ್ ಉದ್ದ, ಒಳ ಅಳತೆ, ಅತಿ ತೆಳು ಜಾಗದಲ್ಲಿ ಗೋಡೆ ದಪ್ಪ ಈ ಮೂರನ್ನ ಎರಡೂ ನಳಿಗೆಗೆ ಬೇರೆಬೇರೆ ಅಳೆದು ಬರ್ದು ಕೊಡೋಕೆ ಕೇಳಿ. ಗೇಜ್ ಇಲ್ಲ, ಕಣ್ಣಳತೆಲೇ ಹೇಳ್ತೇನೆ ಅಂದ್ರೆ ಕೋವಿನ್ನ ವಾಪಸ್ ತಗೊಂಡು ಬನ್ನಿ. ಕೆಲ್ಸ ಮುಗ್ಸಿ ಕೊಟ್ಟ ಮೇಲೆ ಅಲ್ಲೇ ಮುಂದಿನ ಮರ ತೆಗ್ದು ಪೇಪರ್ ಪಟ್ಟಿ ಇಟ್ಟು ಎರಡೂ ಬದಿ ಎಳೆದು ನೋಡಿ, ಆಮೇಲೆ ದುಡ್ಡು ಕೊಡಿ.